ಮುಂದಿನ ಗಾಜು ಒಡೆಯಿತೆ? ಅವಸರ ಬೇಡಿ!

ಇದೇನು, ಹಪ್ಪಳ–ಸಂಡಿಗೆಯ ಪುಟಗಳ ನಡುವೆ ಗಾಡಿಯ ಗಾಜಿನ ವಿಚಾರ ಎಂದು ಮೂಗೆಳೆಯಬೇಡಿ. ಗಾಡಿ ಓಡಿಸುವವರು ಯಾರೇ ಇರಲಿ, ಅವರ ಪಕ್ಕದ ಸೀಟಿನಲ್ಲಿ ಕೂರುವವರು ಯಾರು? ನಾವೇ ತಾನೆ? ಮುಂದಿನ ಗಾಜು ನಮ್ಮ ಮುಖದಿಂದ ಎರಡು ಮೊಳ ದೂರದಲ್ಲಿರುತ್ತದೆ. ಅದನ್ನು ಯಾರು, ಹೇಗೆ ಕೂರಿಸಿದರು ಎಂಬುದು ನಮಗೆ ಸಂಬಂಧವಿಲ್ಲದ ಮಾತಲ್ಲ.

ಸಕಲೇಶಪುರ, ಮೂಡಿಗೆರೆ, ಸೋಮವಾರಪೇಟೆ ಕಡೆಯ ತೋಟದ ಮನೆಗಳ ಅಂಗಳದಲ್ಲಿ ಈಗ ನಿಂತಿರುವುದು ಹಳೇ ಜೀಪೊಂದೇ ಅಲ್ಲ. ಇಸುಜು ವಿ–ಕ್ರಾಸ್ ಬಂತು, 2022ರಲ್ಲಿ ಟೊಯೊಟಾ ಹೈಲಕ್ಸ್ ಬಂತು. ಹಿಂದೆ ಗೊಬ್ಬರದ ಮೂಟೆ ಹಾಕಬಹುದು, ಮುಂದೆ ಕೂತರೆ ಸೋಫಾದಲ್ಲಿ ಕೂತಂತೆ. ಪೇಟೆಯ ಮನೆಗಳಲ್ಲಿ ಇಂಥವೇ ಎತ್ತರದ, ದೊಡ್ಡ ಕಾರುಗಳು. ಈ ಗಾಡಿಗಳ ಗಾಜೂ ದೊಡ್ಡದು, ಬೆಲೆಯೂ ದೊಡ್ಡದು. ಶಿರಾಡಿ ಘಾಟಿಯಲ್ಲಿ ಜಲ್ಲಿ ತುಂಬಿದ ಟಿಪ್ಪರ್ ಹಿಂದೆ ಐದು ನಿಮಿಷ ಹೋದರೆ ಸಾಕು, ‘ಟಕ್’ ಎಂದು ಒಂದು ಸದ್ದು. ನೋಡಿದರೆ ಗಾಜಿನ ಮೇಲೆ ಜೇಡರ ಹುಳುವಿನಂಥ ಗುರುತು.

ಯಜಮಾನರು ತೋಟಕ್ಕೋ ಆಫೀಸಿಗೋ ಹೋಗಿರುತ್ತಾರೆ. ಮಧ್ಯಾಹ್ನ ಫೋನು ನಿಮಗೇ ಬರುತ್ತದೆ. “ಅಕ್ಕಾ, ಗ್ಲಾಸು ಸ್ಟಾಕಿದೆ. ಒಂದೇ ಗಂಟೇಲಿ ಹಾಕ್ಕೊಡ್ತೀವಿ. ಕಂಪನಿ ರೇಟಿಗಿಂತ ಅರ್ಧ. ಏನ್ ಹೇಳ್ತೀರಿ?” ಆಗ ಏನು ಹೇಳಬೇಕು, ಏನು ಕೇಳಬೇಕು ಎಂಬುದಕ್ಕಾಗಿಯೇ ಈ ಲೇಖನ.

ಇದು ಕಿಟಕಿಯ ಗಾಜಲ್ಲ

ಪಕ್ಕದ ಬಾಗಿಲಿನ ಗಾಜು ಒಡೆದರೆ ಕಲ್ಲುಸಕ್ಕರೆಯ ಹಾಗೆ ಪುಡಿಪುಡಿಯಾಗಿ ಉದುರುತ್ತದೆ. ಮುಂದಿನ ಗಾಜು ಹಾಗಲ್ಲ. ಅದು ಬಿರುಕು ಬಿಟ್ಟರೂ ಹಿಡಿದುಕೊಂಡೇ ಇರುತ್ತದೆ. ಏಕೆಂದರೆ ಅದು ಒಂದು ಗಾಜಲ್ಲ, ಎರಡು. ಸುಮಾರು ಎರಡೆರಡು ಮಿಲಿಮೀಟರ್ ದಪ್ಪದ ಎರಡು ಗಾಜುಗಳ ನಡುವೆ ಪಾರದರ್ಶಕವಾದ ಒಂದು ಪ್ಲಾಸ್ಟಿಕ್ ಪದರ. ಒಬ್ಬಟ್ಟಿನಲ್ಲಿ ಹೂರಣ ಇದ್ದ ಹಾಗೆ ಎನ್ನಿ. ಇದಕ್ಕೆ ಲ್ಯಾಮಿನೇಟೆಡ್ ಗಾಜು ಎಂದು ಹೆಸರು. ನಮ್ಮ ದೇಶದಲ್ಲಿ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 100ನೇ ನಿಯಮದ ಪ್ರಕಾರ ಕಾರಿನ ಮುಂದಿನ ಗಾಜು ಇಂಥದ್ದೇ ಆಗಿರಬೇಕು.

ಇದನ್ನು ಕಂಡುಹಿಡಿದ ಕತೆ ಗೃಹಿಣಿಯರಿಗೆ ಇಷ್ಟವಾಗುವಂಥದ್ದು. 1903ರಲ್ಲಿ ಫ್ರಾನ್ಸಿನ ಎದ್ವಾರ್ ಬೆನೆದಿಕ್ಟಸ್ ಎಂಬ ರಸಾಯನಶಾಸ್ತ್ರಜ್ಞರ ಕೈಯಿಂದ ಒಂದು ಗಾಜಿನ ಬುದ್ದಲಿ ಜಾರಿ ಬಿತ್ತಂತೆ. ಒಡೆಯಿತು, ಆದರೆ ಚೂರುಗಳು ಚೆದುರಲಿಲ್ಲ. ನೋಡಿದರೆ ಒಳಗೆ ಹಿಂದೆಂದೋ ಇಟ್ಟಿದ್ದ ಸೆಲ್ಯುಲೋಸ್ ನೈಟ್ರೇಟ್ ದ್ರಾವಣ ಒಣಗಿ, ಗೋಡೆಗೆ ಕೆನೆಯ ಹಾಗೆ ಅಂಟಿಕೊಂಡಿತ್ತು. ಸರಿಯಾಗಿ ತೊಳೆಯದ ಪಾತ್ರೆಯಿಂದ ಜಗತ್ತಿಗೆ ಒಳ್ಳೆಯದಾದ ಅಪರೂಪದ ಉದಾಹರಣೆ ಇದು! (ಇದನ್ನೇ ನೆಪ ಮಾಡಿಕೊಂಡು ಪಾತ್ರೆ ನೆನೆಹಾಕಿ ಮಲಗಬೇಡಿ.) 1909ರಲ್ಲಿ ಅವರು ಇದಕ್ಕೆ ಪೇಟೆಂಟ್ ಪಡೆದರು.

ಹಿಂದೆ ಅಂಬಾಸಿಡರ್ ಕಾರಿನಲ್ಲಿ ಗಾಜನ್ನು ರಬ್ಬರ್ ಬೀಡಿಂಗಿನಲ್ಲಿ ಕೂರಿಸುತ್ತಿದ್ದರು. ಸೋಪಿನ ನೀರು ಹಚ್ಚಿ, ಹಗ್ಗ ಎಳೆದು, ಇಬ್ಬರು ಹುಡುಗರು ಅರ್ಧ ಗಂಟೆಯಲ್ಲಿ ಮುಗಿಸುತ್ತಿದ್ದರು. ಈಗಿನ ಗಾಡಿಗಳಲ್ಲಿ ಗಾಜನ್ನು ಯುರೆಥೇನ್ ಎಂಬ ಗಟ್ಟಿ ಅಂಟಿನಿಂದ ಬಾಡಿಗೇ ಅಂಟಿಸಿರುತ್ತಾರೆ. ಗಾಜು ಈಗ ಗಾಡಿಯ ಮೈಯ ಒಂದು ಭಾಗ. ಗಾಡಿ ಮಗುಚಿದರೆ ಮೇಲ್ಛಾವಣಿ ಕುಸಿಯದಂತೆ ತಡೆಯುವುದರಲ್ಲಿ ಅದರ ಪಾಲೂ ಇದೆ.

ಇನ್ನೊಂದು ಮಾತು ಇದಕ್ಕಿಂತ ಮುಖ್ಯ. 2021ರ ಏಪ್ರಿಲ್‌ನಿಂದ ಹೊಸ ಮಾದರಿಯ ಕಾರುಗಳಲ್ಲಿ ಪಕ್ಕದ ಸೀಟಿಗೂ ಏರ್‌ಬ್ಯಾಗ್ ಕಡ್ಡಾಯವಾಯಿತಲ್ಲ, ಆ ಚೀಲ ಅನೇಕ ಗಾಡಿಗಳಲ್ಲಿ ನೇರವಾಗಿ ನಮ್ಮ ಕಡೆ ಉಬ್ಬಿ ಬರುವುದಿಲ್ಲ. ಡ್ಯಾಶ್‌ಬೋರ್ಡಿನ ಮೇಲ್ಭಾಗ ಸೀಳಿಕೊಂಡು ಎದ್ದು, ಮೊದಲು ಗಾಜಿಗೆ ಬಡಿದು, ಅದರ ಆಸರೆಯಿಂದ ನಮ್ಮ ಕಡೆ ತಿರುಗುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಇದೆಲ್ಲ ಆಗಿಹೋಗುತ್ತದೆ. ಅಂಟು ಸರಿಯಾಗಿ ಹಿಡಿದಿಲ್ಲದಿದ್ದರೆ ಆ ಹೊಡೆತಕ್ಕೆ ಗಾಜು ಕಿತ್ತು ಹೊರಗೆ ಹೋಗುತ್ತದೆ. ಚೀಲಕ್ಕೆ ಆಸರೆ ತಪ್ಪುತ್ತದೆ. ಬೆಲ್ಟು ಹಾಕದಿದ್ದರೆ ಗಾಜಿನ ಹಿಂದೆಯೇ ನಾವೂ ಹೋಗಬಹುದು. ಹೇಗೂ ಮಾತು ಬಂತು, ಹೇಳಿಬಿಡುತ್ತೇನೆ: ಆ ಸೀಟಿನಲ್ಲಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳಬೇಡಿ. ಗಾಜು ಹೊಸದಿರಲಿ, ಹಳೆಯದಿರಲಿ.

ಬದಲಾಯಿಸಲೇಬೇಕೆ?

ಒಂದು ರೂಪಾಯಿ ನಾಣ್ಯದಿಂದ ಮುಚ್ಚುವಷ್ಟು ಸಣ್ಣ ಪೆಟ್ಟಾಗಿದ್ದರೆ ಬಹಳ ಸಲ ಇಡೀ ಗಾಜು ಬದಲಾಯಿಸಬೇಕಾಗಿಯೇ ಇಲ್ಲ. ಪೆಟ್ಟಿನ ಒಳಗೆ ರೆಸಿನ್ ಎಂಬ ದ್ರವ ತುಂಬಿ, ನೇರಳಾತೀತ ಬೆಳಕು ಹಿಡಿದು ಗಟ್ಟಿ ಮಾಡುತ್ತಾರೆ. ಹೊಸ ಗಾಜಿನ ಬೆಲೆಯಲ್ಲಿ ಸಣ್ಣದೊಂದು ಪಾಲಿಗೆ ಕೆಲಸ ಮುಗಿಯುತ್ತದೆ. ಕಂಪನಿಯವರು ಕೂರಿಸಿದ ಮೂಲ ಅಂಟೂ ಹಾಗೇ ಉಳಿಯುತ್ತದೆ. ನನ್ನ ಮಟ್ಟಿಗೆ ಹಣಕ್ಕಿಂತ ಇದೇ ದೊಡ್ಡ ಲಾಭ. ಗುರುತು ಪೂರ್ತಿ ಮಾಯವಾಗುವುದಿಲ್ಲ, ಮಾಸಲಾಗಿ ಉಳಿಯುತ್ತದೆ. ಅಷ್ಟಕ್ಕೆ ಮುಖ ಸಣ್ಣದು ಮಾಡಬೇಡಿ.

ಆದರೆ ಪೆಟ್ಟು ಓಡಿಸುವವರ ಕಣ್ಣಿನ ನೇರಕ್ಕಿದ್ದರೆ, ಗಾಜಿನ ಅಂಚಿಗೆ ತಾಗಿದ್ದರೆ, ಒಳಗಿನ ಗಾಜಿಗೂ ಇಳಿದಿದ್ದರೆ, ಅಥವಾ ಬಿರುಕು ಗೇಣುದ್ದ ಹರಿದಿದ್ದರೆ ರಿಪೇರಿ ಆಗದು. ಒಳಗಿನಿಂದ ಬೆರಳಾಡಿಸಿ ನೋಡಿ. ತರಿ ಸಿಕ್ಕಿದರೆ ಒಳಗಾಜೂ ಹೋಗಿದೆ ಎಂದರ್ಥ.

ಪೆಟ್ಟು ಬಿದ್ದ ದಿನವೇ ಅದರ ಮೇಲೆ ಪಾರದರ್ಶಕ ಟೇಪು ಅಂಟಿಸಿ. ಧೂಳು, ನೀರು ಒಳಗೆ ಸೇರಿದರೆ ರೆಸಿನ್ ಸರಿಯಾಗಿ ಕೂರುವುದಿಲ್ಲ. ತಣ್ಣನೆಯ ಗಾಜಿನ ಲೋಟಕ್ಕೆ ಬಿಸಿ ಕಾಫಿ ಸುರಿದರೆ ಏನಾಗುತ್ತದೆ, ನಿಮಗೆ ಗೊತ್ತೇ ಇದೆ. ಹಾಗೆಯೇ ಮಂಜು ಕವಿದ ಬೆಳಿಗ್ಗೆ ಗಾಜಿಗೆ ಬಿಸಿನೀರು ಎರಚುವುದು, ಬಿಸಿಲಲ್ಲಿ ಕಾದ ಗಾಡಿಯಲ್ಲಿ ಕೂತ ಕೂಡಲೇ ಎ.ಸಿ. ಜೋರು ಮಾಡುವುದು, ಎರಡೂ ಆ ಸಣ್ಣ ಪೆಟ್ಟನ್ನು ಈ ಕೊನೆಯಿಂದ ಆ ಕೊನೆಗೆ ಓಡಿಸಿಬಿಡುತ್ತವೆ.

ಇನ್ಶೂರೆನ್ಸಿನ ಲೆಕ್ಕ

ಈಗ ದುಡ್ಡಿನ ವಿಚಾರ. ಬೀರುವಿನಿಂದ ಪಾಲಿಸಿ ಕಾಗದ ತೆಗೆದು ನೋಡಿ. ‘ಥರ್ಡ್ ಪಾರ್ಟಿ’ ಒಂದೇ ಇದ್ದರೆ ಗಾಜಿಗೆ ಚಿಕ್ಕಾಸೂ ಬರದು. ನಮ್ಮ ಗಾಡಿಗಾದ ಹಾನಿಯನ್ನೂ ಭರಿಸುವ ಪ್ಯಾಕೇಜ್ ಪಾಲಿಸಿಯಾದರೆ ಬರುತ್ತದೆ. ಅದರಲ್ಲೊಂದು ಒಳ್ಳೆಯ ಸಂಗತಿ ಇದೆ. ರಬ್ಬರ್, ಪ್ಲಾಸ್ಟಿಕ್ ಭಾಗಗಳಿಗೆ ಸವಕಳಿ ಎಂದು ಅರ್ಧ ಬೆಲೆ ಕತ್ತರಿಸುತ್ತಾರೆ, ಗಾಜಿಗೆ ಮಾತ್ರ ಸವಕಳಿ ಕಡಿತ ಇಲ್ಲ. ಹಾಗೆಂದು ಪೂರ್ತಿ ಬಿಟ್ಟಿ ಅಲ್ಲ. ಮನೆ ಕಾರಿನ ಪ್ರತಿ ಕ್ಲೈಮಿನಲ್ಲೂ ಕಡ್ಡಾಯವಾಗಿ ನಾವು ಭರಿಸಬೇಕಾದ ಪಾಲಿದೆ. ಎಂಜಿನ್ 1500 ಸಿಸಿವರೆಗೆ ಇದ್ದರೆ 1000 ರೂಪಾಯಿ, ಅದಕ್ಕಿಂತ ದೊಡ್ಡದಾದರೆ 2000. ಅಂಟು, ಬೀಡಿಂಗ್ ಮುಂತಾದವುಗಳ ಖರ್ಚಿನಲ್ಲೂ ಒಂದಿಷ್ಟು ನಮ್ಮ ತಲೆಗೆ ಬರಬಹುದು. ಹಳದಿ ಬೋರ್ಡಿನ ಗೂಡ್ಸ್ ಗಾಡಿಯಾಗಿದ್ದರೆ ಲೆಕ್ಕವೇ ಬೇರೆ, ಏಜೆಂಟರನ್ನು ಕೇಳಿ.

ಆದರೆ ಕ್ಲೈಮು ಮಾಡುವ ಮೊದಲು ಪೆನ್ನು ಹಿಡಿದು ಕೂರಿ. ವರ್ಷವಿಡೀ ಏನೂ ಕ್ಲೈಮು ಮಾಡದಿದ್ದರೆ ‘ನೋ ಕ್ಲೈಮ್ ಬೋನಸ್’ ಎಂದು ರಿಯಾಯಿತಿ ಸಿಗುತ್ತದಲ್ಲ, ಅದು ಮೊದಲ ವರ್ಷ ಶೇ. 20, ಆಮೇಲೆ 25, 35, 45, ಐದನೆಯ ವರ್ಷಕ್ಕೆ 50. ಒಂದು ಕ್ಲೈಮು ಮಾಡಿದರೆ ಸೊನ್ನೆಗೆ ಬಂದು ಮತ್ತೆ ಮೊದಲಿನಿಂದ ಮೆಟ್ಟಿಲು ಹತ್ತಬೇಕು.

ಲೆಕ್ಕ ಹಾಕಿ ತೋರಿಸುತ್ತೇನೆ. ನಮ್ಮ ಗಾಡಿಯ ಹಾನಿಗೆಂದು ಕಟ್ಟುವ ಕಂತು, ರಿಯಾಯಿತಿಗೆ ಮೊದಲು, 12,000 ರೂಪಾಯಿ ಎಂದಿಟ್ಟುಕೊಳ್ಳಿ. ನಿಮಗೆ ಈಗ ಶೇ. 50 ರಿಯಾಯಿತಿ ಇದೆ, ಎಂದರೆ 6000 ಉಳಿತಾಯ. ಕ್ಲೈಮು ಮಾಡಿದಿರಿ. ಮುಂದಿನ ಸಲ ರಿಯಾಯಿತಿ ಇಲ್ಲ, 6000 ಹೆಚ್ಚು ಕಟ್ಟಿದಿರಿ. ಅದರ ಮುಂದಿನ ಸಲ ಶೇ. 20 ಮಾತ್ರ, ಆದ್ದರಿಂದ 3600 ಹೆಚ್ಚು. ಆಮೇಲೆ 3000, ಆಮೇಲೆ 1800, ಆಮೇಲೆ 600. ಒಟ್ಟು 15,000! ಗಾಡಿ ಹಳೆಯದಾದಂತೆ ಕಂತು ಇಳಿಯುವುದರಿಂದ ನಿಜವಾದ ಮೊತ್ತ ಇದಕ್ಕಿಂತ ಸ್ವಲ್ಪ ಕಡಿಮೆಯಾದೀತು. ಆದರೂ 7000 ರೂಪಾಯಿಯ ಗಾಜಿಗಾಗಿ ಇಷ್ಟು ಕಳೆದುಕೊಳ್ಳುವುದು ಯಾವ ಜಾಣತನ? ಸಣ್ಣ ಕಾರಿನ ಸಾದಾ ಗಾಜಾದರೆ ಕೈಯಿಂದಲೇ ಕೊಟ್ಟುಬಿಡುವುದು ಎಷ್ಟೋ ಸಲ ಮೇಲು. ದೊಡ್ಡ ಗಾಡಿಯ ದುಬಾರಿ ಗಾಜಾದರೆ, ಅಥವಾ ಬೋನಸ್ಸನ್ನು ಕಾಪಾಡುವ ‘ಎನ್‌ಸಿಬಿ ಪ್ರೊಟೆಕ್ಷನ್’ ಎಂಬ ಹೆಚ್ಚುವರಿ ರಕ್ಷಣೆ ಪಾಲಿಸಿಯಲ್ಲಿದ್ದರೆ ಕ್ಲೈಮು ಮಾಡಿ.

ಮಾಡುವುದಾದರೆ ಗಾಜು ಬಿಚ್ಚುವ ಮೊದಲೇ ಕಂಪನಿಗೆ ತಿಳಿಸಿ. ಗಾಡಿಯ ನಂಬರ್ ಕಾಣುವಂತೆ ಒಂದು, ಒಡೆದ ಜಾಗದ್ದೊಂದು ಫೋಟೋ ತೆಗೆದಿಡಿ. ಬಿಚ್ಚಿ ಬಿಸಾಕಿದ ಮೇಲೆ ಹೇಳಿದರೆ ಕಂಪನಿಯವರು ತಕರಾರು ತೆಗೆಯುವುದು ಸಹಜ.

ಯಾವ ಗಾಜು?

“ಎಲ್ಲಾ ಒಂದೇ ಮೇಡಂ, ಒಂದೇ ಫ್ಯಾಕ್ಟ್ರಿ ಮಾಲು” ಎನ್ನುತ್ತಾರೆ. ಒಂದೇ ಅಲ್ಲ. ಒಂದೇ ಮಾದರಿಯ ಗಾಡಿಗೆ ಮೂರು ನಾಲ್ಕು ಬಗೆಯ ಗಾಜು ಇರುತ್ತದೆ. ಒಂದಕ್ಕೆ ಮಳೆ ಬಂದರೆ ತಾನೇ ವೈಪರ್ ಓಡಿಸುವ ಸೆನ್ಸರ್ ಕೂರಿಸುವ ಜಾಗ ಇರುತ್ತದೆ, ಇನ್ನೊಂದಕ್ಕೆ ಇರುವುದಿಲ್ಲ. ಒಂದರ ನಡುವಿನ ಪದರ ಸದ್ದು ತಡೆಯುವಂಥದ್ದು. ವೇಗದ ಅಂಕಿ ಗಾಜಿನ ಮೇಲೇ ಮೂಡುವ ದುಬಾರಿ ಗಾಡಿಗಳಲ್ಲಂತೂ ಆ ಪದರ ಮೇಲೆ ದಪ್ಪ, ಕೆಳಗೆ ತೆಳು ಆಗಿರುತ್ತದೆ. ಅಲ್ಲಿ ಸಾದಾ ಗಾಜು ಹಾಕಿದರೆ ಅಂಕಿಗಳು ಎರಡೆರಡಾಗಿ ಕಾಣುತ್ತವೆ.

ಆದ್ದರಿಂದ ಗಾಡಿಯ ಹೆಸರು, ವರ್ಷ ಹೇಳಿದರೆ ಸಾಲದು. ಆರ್.ಸಿ.ಯಲ್ಲಿರುವ 17 ಅಕ್ಷರ–ಅಂಕಿಗಳ ಛಾಸಿ ನಂಬರ್ ಕೊಟ್ಟು, ಅದಕ್ಕೆ ಸರಿಹೊಂದುವ ಗಾಜನ್ನೇ ಕೇಳಿ. ಗಾಜು ಬಂದ ಮೇಲೆ ಮೂಲೆಯಲ್ಲಿ ಅಚ್ಚಾಗಿರುವ ಗುರುತು ಓದಿ. ತಯಾರಕರ ಹೆಸರು, ಐ.ಎಸ್.ಐ. ಗುರುತು, ಐಎಸ್ 2553 ಎಂಬ ಸಂಖ್ಯೆ ಇರಬೇಕು. ಆಸಾಹಿ ಇಂಡಿಯಾ, ಸೇಂಟ್–ಗೋಬೇನ್ ಸೆಕ್ಯುರಿಟ್ ಮುಂತಾದವರು ಗಾಡಿ ಕಂಪನಿಗಳಿಗೂ ಗಾಜು ಕೊಡುವವರು. ಗಾಡಿ ಕಂಪನಿಯ ಲಾಂಛನ ಇಲ್ಲದೆ, ಅದೇ ತಯಾರಕರ ಗಾಜು ಕಡಿಮೆ ಬೆಲೆಗೆ ಸಿಗುವುದುಂಟು. ಅದು ಮೋಸವಲ್ಲ. ಮೂಲೆಯಲ್ಲಿ ಏನೂ ಅಚ್ಚಿಲ್ಲದ ಗಾಜನ್ನು ಮಾತ್ರ ಬಿಟ್ಟಿ ಕೊಟ್ಟರೂ ಒಲ್ಲೆ ಎನ್ನಿ. ಜೊತೆಗೆ ಕಪ್ಪು ಫಿಲ್ಮು ಫ್ರೀ ಎಂದರೂ ಬೇಡ. ಮುಂದಿನ ಗಾಜಿನಲ್ಲಿ ಕನಿಷ್ಠ ಶೇ. 70ರಷ್ಟು ಬೆಳಕು ಹಾಯಬೇಕೆಂಬುದು ಕಾನೂನು.

ಹಿಂಗನ್ನಡಿಯ ಹಿಂದಿನ ಕಣ್ಣು

ನಿಮ್ಮ ಗಾಡಿಯಲ್ಲಿ ಒಳಗನ್ನಡಿಯ ಹಿಂದೆ, ಗಾಜಿಗೆ ತಾಗಿಕೊಂಡು ಒಂದು ಕಪ್ಪು ಡಬ್ಬಿ ಇದೆಯೇ ನೋಡಿ. ಅದರಲ್ಲಿ ಕ್ಯಾಮೆರಾ ಇದ್ದರೆ ವಿಷಯ ಗಂಭೀರ. 2021ರಲ್ಲಿ ಮಹೀಂದ್ರದ ಎಕ್ಸ್‌ಯುವಿ 700 ಬಂದ ಮೇಲೆ ಇಂಥ ಗಾಡಿಗಳು ನಮ್ಮ ಊರುಗಳಿಗೂ ಬಂದಿವೆ. ಮುಂದಿನ ವಾಹನ ಹತ್ತಿರವಾದರೆ ಎಚ್ಚರಿಸುವುದು, ತಾನೇ ಬ್ರೇಕು ಹಾಕುವುದು, ರಸ್ತೆಯ ಬಿಳಿ ಗೆರೆ ದಾಟದಂತೆ ಸ್ಟಿಯರಿಂಗ್ ತಿದ್ದುವುದು, ಇವಕ್ಕೆಲ್ಲ ಆ ಕಣ್ಣೇ ಬೇಕು.

ಗಾಜು ಬದಲಾದಾಗ ಕಣ್ಣಿನ ನೋಟ ಕೂದಲೆಳೆಯಷ್ಟು ಆಚೀಚೆ ಆಗುತ್ತದೆ. ಒಂದೇ ಒಂದು ಡಿಗ್ರಿ ತಪ್ಪಿದರೂ ನೂರು ಮೀಟರ್ ದೂರದಲ್ಲಿ ಅದು ಒಂದೂಮುಕ್ಕಾಲು ಮೀಟರ್ ವ್ಯತ್ಯಾಸ. ಹೆದ್ದಾರಿಯ ಒಂದು ಪಥದ ಅರ್ಧದಷ್ಟಾಯಿತು! ಪಕ್ಕದ ಸಾಲಿನ ಲಾರಿಯನ್ನು ನಮ್ಮ ಮುಂದಿದೆ ಎಂದು ತಿಳಿದು ಗಾಡಿ ಸುಮ್ಮಸುಮ್ಮನೆ ಬ್ರೇಕು ಹಾಕಬಹುದು. ಅಥವಾ ಹಾಕಬೇಕಾದಾಗ ಹಾಕದೆ ಇರಬಹುದು. ಆದ್ದರಿಂದ ಹೊಸ ಗಾಜು ಕೂರಿಸಿದ ಮೇಲೆ ಕ್ಯಾಮೆರಾವನ್ನು ಮತ್ತೆ ಹೊಂದಿಸಬೇಕು. ಇದಕ್ಕೆ ಕ್ಯಾಲಿಬ್ರೇಶನ್ ಎನ್ನುತ್ತಾರೆ. ಕೆಲವಕ್ಕೆ ಸಮತಟ್ಟು ನೆಲದಲ್ಲಿ ಗಾಡಿ ನಿಲ್ಲಿಸಿ, ಅಳತೆಯ ದೂರದಲ್ಲಿ ಗುರುತಿನ ಹಲಗೆ ಇಟ್ಟು ಮಾಡುತ್ತಾರೆ. ಕೆಲವಕ್ಕೆ ಉಪಕರಣ ಜೋಡಿಸಿಕೊಂಡು, ಗೆರೆ ಚೆನ್ನಾಗಿ ಕಾಣುವ ರಸ್ತೆಯಲ್ಲಿ ಓಡಿಸಬೇಕು. ಸಣ್ಣ ಊರಿನ ಗಾಜಿನಂಗಡಿಯಲ್ಲಿ ಈ ಸಲಕರಣೆ ಸಾಮಾನ್ಯವಾಗಿ ಇರುವುದಿಲ್ಲ. “ಅದೆಲ್ಲ ತಾನೇ ಸರಿಹೋಗುತ್ತೆ ಬಿಡಿ” ಎಂದರೆ ನಂಬಬೇಡಿ. ಹಾಸನಕ್ಕೋ ಮೈಸೂರಿಗೋ, ಕಂಪನಿಯ ವರ್ಕ್‌ಶಾಪಿಗೆ ಹೋಗಿ. ಒಂದು ದಿನ ಹೋದರೆ ಹೋಗಲಿ. ಮಾಡಿದ್ದಕ್ಕೆ ಚೀಟಿ ಕೇಳಿ ಪಡೆಯಿರಿ. ಖರ್ಚು ಎಷ್ಟೆಂದು ಮೊದಲೇ ಬಿಲ್ಲಿನ ಅಂದಾಜಿನಲ್ಲಿ ಬರೆಸಿ, ಇನ್ಶೂರೆನ್ಸಿನವರಿಗೂ ಅದನ್ನೇ ತೋರಿಸಿ.

ಕೂರಿಸುವಾಗ ನಿಂತು ನೋಡಿ

ಮೂಡಿಗೆರೆ ಕಡೆಯ ನನ್ನ ಗೆಳತಿಯೊಬ್ಬರು ಏಪ್ರಿಲ್‌ನಲ್ಲಿ ಅಗ್ಗದಲ್ಲಿ ಗಾಜು ಹಾಕಿಸಿದರು. ಬೇಸಿಗೆಯಲ್ಲಿ ಏನೂ ತಿಳಿಯಲಿಲ್ಲ. ಜೂನ್‌ನಲ್ಲಿ ಮಳೆ ಹಿಡಿದ ವಾರಕ್ಕೆ ಗಾಡಿಯೊಳಗೆ ಮುಗ್ಗಲು ವಾಸನೆ. “ಯಾರೋ ಒದ್ದೆ ಕೊಡೆ ಇಟ್ಟಿರಬೇಕು ಅಂದ್ಕೊಂಡೆ ಕಣ್ರೀ” ಎಂದರು. ಕಾಲಡಿಯ ಕಾರ್ಪೆಟ್ ಎತ್ತಿದರೆ ನೀರು ನಿಂತಿದೆ! ಬೇರೆ ಕಡೆ ಬಿಚ್ಚಿಸಿ ನೋಡಿದಾಗ ಗೊತ್ತಾಯಿತು: ಗಾಜಿಗೆ ಹಾಕಿದ್ದು ಯುರೆಥೇನ್ ಅಲ್ಲ, ಬಚ್ಚಲುಮನೆಯ ಸಂದಿಗೆ ಹಾಕುವ ಸಿಲಿಕಾನ್. ಅದು ನೀರು ತಡೆಯುವುದಕ್ಕೆ ಇರುವುದೇ ಹೊರತು ಗಾಜಿನ ಭಾರ ಹೊರುವುದಕ್ಕಲ್ಲ. ಸೋರಿದ್ದು ಒಳ್ಳೆಯದೇ ಆಯಿತೆನ್ನಬೇಕು. ಸೋರದಿದ್ದರೆ, ಆ ಗಾಜು ಗಟ್ಟಿಯಾಗಿದೆ ಎಂದು ನಂಬಿಕೊಂಡು ವರ್ಷಗಟ್ಟಲೆ ಅದರ ಹಿಂದೆ ಕೂತಿರುತ್ತಿದ್ದರು.

ಹಾಗಾಗಿ ಅಂಟಿನ ಟ್ಯೂಬನ್ನು ಕೈಗೆ ತೆಗೆದುಕೊಂಡು ನೋಡಿ. ಗಾಡಿಯ ಗಾಜಿಗೆಂದೇ ಇರುವ ಯುರೆಥೇನ್ ತಾನೆ? ಅವಧಿ ಮುಗಿದಿಲ್ಲ ತಾನೆ? ಹಾಲಿನ ಪ್ಯಾಕೆಟ್ಟಿನ ಮೇಲೆ ತಾರೀಕು ನೋಡುವ ನಮಗೆ ಇದೇನು ಕಷ್ಟ? ಹಳೇ ಗಾಜು ಕತ್ತರಿಸಿ ತೆಗೆದ ಮೇಲೆ ಹಳೇ ಅಂಟನ್ನು ಪೂರ್ತಿ ಕೆರೆದು ಹಾಕುವುದಿಲ್ಲ. ಒಂದೆರಡು ಮಿಲಿಮೀಟರ್ ಸಮನಾಗಿ ಬಿಟ್ಟು, ಅದರ ಮೇಲೆ ಹೊಸದನ್ನು ಎಳೆಯುತ್ತಾರೆ. ಕತ್ತರಿಸುವಾಗ ಎಲ್ಲಾದರೂ ಪೇಂಟು ಕೆರೆದು ತಗಡು ಕಂಡರೆ ಅಲ್ಲಿ ಪ್ರೈಮರ್ ಹಚ್ಚಲೇಬೇಕು. ನಮ್ಮ ಮಲೆನಾಡಿನ ಮಳೆಗೆ ಅಲ್ಲಿಂದಲೇ ತುಕ್ಕು ಶುರುವಾಗುತ್ತದೆ, ತುಕ್ಕಿನ ಮೇಲೆ ಯಾವ ಅಂಟೂ ನಿಲ್ಲದು. ಗಾಜಿನ ಸುತ್ತ ಕಪ್ಪು ಪಟ್ಟಿ ಕಾಣುತ್ತದಲ್ಲ, ಅದು ಅಲಂಕಾರಕ್ಕಲ್ಲ, ಬಿಸಿಲಿಗೆ ಅಂಟು ಹಾಳಾಗದಂತೆ ಕೊಟ್ಟಿರುವ ಮರೆ. ಅದರ ಒಳಬದಿ ಒರೆಸಿ, ಪ್ರೈಮರ್ ಹಚ್ಚಿದ ಮೇಲೆ ಎಣ್ಣೆಗೈ ತಾಗಬಾರದು. ಮಳೆ ಹನಿಯುತ್ತಿರುವಾಗ ಬಯಲಲ್ಲಿ ಈ ಕೆಲಸ ಕೂಡದು, ಸೂರಿನಡಿ ಆಗಬೇಕು.

ಆಮೇಲೆ ಕೇಳಬೇಕಾದ ಪ್ರಶ್ನೆ: “ಎಷ್ಟು ಹೊತ್ತಿನ ಮೇಲೆ ಗಾಡಿ ಓಡಿಸಬಹುದು?” ಅಂಟಿನ ತಯಾರಕರೇ ಅದನ್ನು ಹೇಳಿರುತ್ತಾರೆ. ಕೆಲವು ಒಂದು ಗಂಟೆಗೆ ಹಿಡಿಯುತ್ತವೆ, ಕೆಲವಕ್ಕೆ ಹಲವು ಗಂಟೆ ಬೇಕು. ಹವೆಯ ಮೇಲೂ ಹೋಗುತ್ತದೆ. ಗಾಜು ಅಲುಗಾಡುತ್ತಿಲ್ಲ ಎಂದ ಮಾತ್ರಕ್ಕೆ ಅಂಟು ಹಿಡಿದಿದೆ ಎಂದಲ್ಲ. ಮೊಸರು ಮೇಲೆ ಹೆಪ್ಪುಗಟ್ಟಿದಂತೆ ಕಂಡರೂ ಒಳಗೆ ನೀರಾಗಿರುವುದಿಲ್ಲವೇ, ಹಾಗೆ. ಮಕ್ಕಳನ್ನು ಸ್ಕೂಲಿನಿಂದ ಕರೆತರಬೇಕೆಂಬ ಅವಸರವಿದ್ದರೆ ಆ ದಿನ ಆಟೋ ಹಿಡಿಯಿರಿ.

ಮೊದಲ ಒಂದೆರಡು ದಿನ ಬಾಗಿಲು ದಢಾರನೆ ಹಾಕಬಾರದು. ಒಳಗಿನ ಗಾಳಿ ಒತ್ತಿ ಹಸಿ ಅಂಟನ್ನು ಸರಿಸುತ್ತದೆ. ಪಕ್ಕದ ಕಿಟಕಿಯನ್ನು ಎರಡು ಬೆರಳಷ್ಟು ಇಳಿಸಿಡಿ. ಅಂಚಿಗೆ ಅಂಟಿಸಿದ ಟೇಪನ್ನು ಅಂದ ಕೆಡುತ್ತದೆಂದು ಅಂದೇ ಕೀಳಬೇಡಿ. ಸರ್ವಿಸ್ ಸ್ಟೇಶನ್ನಿನ ಜೋರು ನೀರಿನ ಪೈಪು, ತೋಟದ ಕೊರಕಲು ದಾರಿ ಎರಡೂ ಆಮೇಲೆ. ಹಳೇ ವೈಪರ್ ಬ್ಲೇಡಿನಲ್ಲಿ ಗಾಜಿನ ಪುಡಿ, ಮರಳು ಸಿಕ್ಕಿರುತ್ತದೆ. ಅದೊಂದು ಜೊತೆ ಹೊಸದು ಹಾಕಿಸಿಬಿಡಿ, ಇಲ್ಲವಾದರೆ ಹೊಸ ಗಾಜಿನ ಮೇಲೆ ಮೊದಲ ದಿನವೇ ಗೀರು.

ಗಾಜಿನ ಜೊತೆಗೆ ಹೋಗುವ ಎರಡು ಸಣ್ಣ ಕಾಗದಗಳನ್ನು ಎಲ್ಲರೂ ಮರೆಯುತ್ತಾರೆ. ಒಂದು ಫಾಸ್ಟ್ಯಾಗ್. ಕಿತ್ತರೆ ಹಾಳಾಗುವಂತೆಯೇ ಅದನ್ನು ಮಾಡಿರುತ್ತಾರೆ, ಹೊಸ ಗಾಜಿಗೆ ಅಂಟಿಸಲು ಬಾರದು. ಕೊಟ್ಟ ಬ್ಯಾಂಕಿಗೆ ತಿಳಿಸಿ ಬದಲಿ ಪಡೆಯಬೇಕು. ಇಲ್ಲವಾದರೆ ಟೋಲ್‌ಗೇಟಿನಲ್ಲಿ ಹೆಚ್ಚು ದುಡ್ಡು ತೆರಬೇಕಾಗುತ್ತದೆ. ಇನ್ನೊಂದು, 2019ರ ಏಪ್ರಿಲ್ ನಂತರದ ಗಾಡಿಗಳಲ್ಲಿ ಒಳಗಡೆ ಅಂಟಿಸಿರುವ ನಂಬರಿನ ಸ್ಟಿಕರ್. ಪೆಟ್ರೋಲಿಗೆ ತಿಳಿನೀಲಿ, ಡೀಸೆಲ್ಲಿಗೆ ಕಿತ್ತಳೆ ಬಣ್ಣದ್ದು. ಸುರಕ್ಷಿತ ನಂಬರ್ ಪ್ಲೇಟಿನ ಜೊತೆ ಬಂದದ್ದದು. ಅದಕ್ಕೂ ಬದಲಿ ಕೇಳಿ ಹಾಕಿಸಬೇಕು. ಗಾಜು ಬಿಚ್ಚುವ ಮೊದಲು ಎರಡರದ್ದೂ ಒಂದೊಂದು ಫೋಟೋ ತೆಗೆದಿಟ್ಟುಕೊಂಡರೆ ಆಮೇಲೆ ನಂಬರ್ ಹುಡುಕುವ ಪಾಡಿಲ್ಲ. ಡ್ಯಾಶ್‌ಬೋರ್ಡಿನ ಗಣಪತಿಯನ್ನು ನೀವೇ ತೆಗೆದು ಮನೆಗೆ ತನ್ನಿ, ಗಡಿಬಿಡಿಯಲ್ಲಿ ಎಲ್ಲಿಗೋ ಸೇರಿಬಿಡುತ್ತಾನೆ.

ಎರಡು ದಿನ ಕಳೆದ ಮೇಲೆ ಮುಂದಿನ ಎರಡೂ ಮ್ಯಾಟ್ ಎತ್ತಿ, ಅಡಿಯಲ್ಲಿ ಹಳೇ ಪೇಪರ್ ಹಾಸಿ. ಗಿಡಕ್ಕೆ ಬಿಡುವ ಪೈಪಿನಿಂದ ಗಾಜಿನ ಅಂಚಿನ ಸುತ್ತ ಹತ್ತು ನಿಮಿಷ ನಿಧಾನವಾಗಿ ನೀರು ಬಿಡಿ. ಪೇಪರ್ ಒದ್ದೆಯಾದರೆ, ಅಥವಾ ರಸ್ತೆಯಲ್ಲಿ ವೇಗ ಹಿಡಿದಾಗ ಗಾಜಿನ ಅಂಚಿನಿಂದ ಸಿಳ್ಳೆ ಹೊಡೆದಂತೆ ಗಾಳಿಯ ಸದ್ದು ಬಂದರೆ, ಬಿಲ್ಲು ಹಿಡಿದುಕೊಂಡು ಅದೇ ದಿನ ಅಂಗಡಿಗೆ ವಾಪಸು ಹೋಗಿ. ಮೇಲಿನಿಂದ ಒಂದು ಗೆರೆ ಅಂಟು ಸವರಿ ಕಳುಹಿಸಲು ನೋಡುತ್ತಾರೆ. ಒಪ್ಪಬೇಡಿ, ಗಾಜು ಬಿಚ್ಚಿಸಿ ಮತ್ತೆ ಕೂರಿಸಿಯೇ ತನ್ನಿ.